ಆಗಸ್ಟ್ 16ರ ಲೆಕ್ಕ

2018ರ ಆಗಸ್ಟ್ 16 ನಮ್ಮಲ್ಲಿ ಬಹಳ ಜನರಿಗೆ ನೆನಪಿರುವ ದಿನ. ಕೊಡಗಿನಲ್ಲಿ ಗುಡ್ಡಗಳು ಕುಸಿಯುತ್ತಿದ್ದವು. ಸಂಜೆ ಐದರ ಹೊತ್ತಿಗೆ ದೆಹಲಿಯಲ್ಲಿ ಅಟಲ್ ಬಿಹಾರಿ ವಾಜಪೇಯಿ ತೀರಿಕೊಂಡರು. ಅದಾಗಿ ಎರಡು ಗಂಟೆ ಕಳೆಯುತ್ತಲೇ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಗಾಯಕಿ ಅರೀತಾ ಫ್ರಾಂಕ್ಲಿನ್ ಕೊನೆಯುಸಿರೆಳೆದರು. ಆ ಹೊತ್ತಿನ ದುಃಖ, ಆತಂಕಗಳ ನಡುವೆ ಈ ಸುದ್ದಿ ನಮ್ಮಲ್ಲಿ ಅನೇಕರ ಕಿವಿಗೆ ಬೀಳದೆ ಹೋಗಿದ್ದರೆ ಅಚ್ಚರಿಯಿಲ್ಲ.

ಜನಪ್ರಿಯ ಸಂಗೀತದ ಚರಿತ್ರೆ ಬಲ್ಲವರಿಗೆ ಮಾತ್ರ ಆ ತಾರೀಖು ಮೊದಲೇ ಗೊತ್ತಿತ್ತು. 1977ರ ಅದೇ ದಿನ ಮೆಂಫಿಸ್‌ನ ತಮ್ಮ ಗ್ರೇಸ್‌ಲ್ಯಾಂಡ್ ಮನೆಯಲ್ಲಿ ಎಲ್ವಿಸ್ ಪ್ರೆಸ್ಲಿ ಸತ್ತರು. 1997ರ ಅದೇ ದಿನ ಲಂಡನ್ನಿನಲ್ಲಿ ಕವ್ವಾಲಿ ಗಾಯಕ ನುಸ್ರತ್ ಫತೇ ಅಲಿ ಖಾನ್ ಹೋದರು. ಇವರೆಲ್ಲರಿಗಿಂತ ಮುಂಚೆ, 1938ರಲ್ಲಿ, ಮಿಸಿಸಿಪ್ಪಿಯ ಗ್ರೀನ್‌ವುಡ್ ಬಳಿಯ ಹತ್ತಿ ಬೆಳೆಯುವ ಸೀಮೆಯಲ್ಲಿ ರಾಬರ್ಟ್ ಜಾನ್ಸನ್ ಎಂಬ ಬ್ಲೂಸ್ ಹಾಡುಗಾರ ಸತ್ತ. ಪಟ್ಟಿ ಮಾಡುವವರು ಇನ್ನೂ ಸೇರಿಸುತ್ತಾರೆ: 1958ರಲ್ಲಿ ಮಡೋನಾ ಹುಟ್ಟಿದ್ದು, 1962ರಲ್ಲಿ ಬೀಟಲ್ಸ್ ತಂಡ ಡ್ರಮ್ ವಾದಕ ಪೀಟ್ ಬೆಸ್ಟ್‌ನನ್ನು ಕೈಬಿಟ್ಟಿದ್ದು, 1969ರ ವುಡ್‌ಸ್ಟಾಕ್ ಸಂಗೀತೋತ್ಸವದ ಎರಡನೇ ದಿನ. ಅವು ಹಾಗಿರಲಿ. ತಾರೀಖಿಗೆ ತನ್ನದೇ ಮಹಿಮೆ ಇದೆಯೆಂದು ನಾನು ನಂಬುವುದಿಲ್ಲ. ಆದರೆ ಆ ನಾಲ್ಕು ಸಾವುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಸಂಗೀತದ ಚರಿತ್ರೆಗಳು ಸಾಮಾನ್ಯವಾಗಿ ಅಡಿಟಿಪ್ಪಣಿಗೆ ತಳ್ಳುವ ಪ್ರಶ್ನೆಯೊಂದು ಎದುರಿಗೆ ಬಂದು ನಿಲ್ಲುತ್ತದೆ. ಹಾಡಿದವರ ಕೈಗೆ ಏನು ಬಂತು?

ಜಾನ್ಸನ್‌ನಿಂದ ಶುರುಮಾಡಬೇಕು. ಅವನು ಸತ್ತಾಗ ವಯಸ್ಸು 27 ಎಂಬುದು ಈಗ ಒಪ್ಪಿತವಾದ ಲೆಕ್ಕ. 1936ರ ನವೆಂಬರಿನಲ್ಲಿ ಸ್ಯಾನ್ ಆಂಟೋನಿಯೋದಲ್ಲಿ, 1937ರ ಜೂನಿನಲ್ಲಿ ಡಲ್ಲಾಸ್‌ನಲ್ಲಿ ಅವನು ಧ್ವನಿಮುದ್ರಿಸಿದ್ದು ಒಟ್ಟು 29 ಹಾಡು. ಅವನು ಸತ್ತು 30 ವರ್ಷಗಳ ಮೇಲೆ, 1968ರಲ್ಲಿ, ಗೇಲ್ ಡೀನ್ ವಾರ್ಡ್ಲೋ ಎಂಬ ಸಂಶೋಧಕ ಸರ್ಕಾರಿ ದಾಖಲೆಗಳಲ್ಲಿ ಅವನ ಮರಣಪತ್ರ ಪತ್ತೆಹಚ್ಚಿದ. ಸಾವಿನ ಕಾರಣ ಬರೆಯಬೇಕಾದ ಜಾಗದಲ್ಲಿ ‘ವೈದ್ಯರಿರಲಿಲ್ಲ’ ಎಂದಷ್ಟೇ ಇತ್ತು. ಹಿಂಬದಿಯಲ್ಲಿ ನೋಂದಣಿ ಅಧಿಕಾರಿಯ ಟಿಪ್ಪಣಿ. ಹತ್ತಿ ತೋಟದ ಬಿಳಿಯ ಯಜಮಾನನನ್ನು ವಿಚಾರಿಸಿ ಬರೆದದ್ದು. ಈ ಮನುಷ್ಯ ಎರಡು ಮೂರು ವಾರದ ಹಿಂದೆ ತೋಟದ ಕುಣಿತವೊಂದರಲ್ಲಿ ಬಾಂಜೋ ನುಡಿಸಲು ಬಂದಿದ್ದನಂತೆ. ತನ್ನ ಕೆಲಸದವನಲ್ಲವಾದ್ದರಿಂದ ಯಜಮಾನ ಅವನಿಗೆ ವೈದ್ಯರನ್ನು ಕರೆಸಲಿಲ್ಲವಂತೆ. ಶವಪೆಟ್ಟಿಗೆ ಕೊಟ್ಟದ್ದು ಕೌಂಟಿ.

ಆ ಒಂದು ಹಾಳೆಯನ್ನು ನಿಧಾನವಾಗಿ ಓದಬೇಕು. ಮುಂದೆ ಇಡೀ ರಾಕ್ ಸಂಗೀತ ಯಾರ ಗಿಟಾರಿಗೆ ಕಿವಿಗೊಟ್ಟಿತೋ ಅವನ ಕೈಯಲ್ಲಿದ್ದ ವಾದ್ಯ ಯಾವುದೆಂಬುದೂ ಅಲ್ಲಿ ತಪ್ಪಾಗಿ ದಾಖಲಾಗಿದೆ. ಚಿಕಿತ್ಸೆ ಸಿಗಬೇಕಾದರೆ ಹತ್ತಿ ಬಿಡಿಸಿರಬೇಕಿತ್ತು. ಹಾಡುವುದು ಕೆಲಸದ ಲೆಕ್ಕಕ್ಕೆ ಬರಲಿಲ್ಲ.

ನಾಲ್ಕು ದಾರಿ ಕೂಡುವಲ್ಲಿ ನಡುರಾತ್ರಿ ಸೈತಾನನಿಗೆ ಆತ್ಮ ಮಾರಿ ಅವನು ವಿದ್ಯೆ ಪಡೆದನೆಂಬ ದಂತಕಥೆ ಜಗತ್ಪ್ರಸಿದ್ಧ. ನನಗೆ ಆ ಕಥೆಯ ಮೇಲೆ ಸಿಟ್ಟಿದೆ. ಹಿರಿಯ ಬ್ಲೂಸ್ ಗಾಯಕ ಸನ್ ಹೌಸ್ ಹೇಳಿಕೊಂಡಂತೆ, ಹುಡುಗನಾಗಿದ್ದಾಗ ಜಾನ್ಸನ್ ಗಿಟಾರ್ ಕೈಗೆತ್ತಿಕೊಂಡರೆ ಜನ ಗದ್ದಲ ತಾಳಲಾರದೆ ದೂರುತ್ತಿದ್ದರು. ಕೆಲಕಾಲ ಊರು ಬಿಟ್ಟು ಹೋಗಿ ಮರಳಿ ಬಂದಾಗ ಅವನ ಕೈ ಬದಲಾಗಿತ್ತು. ನಡುವೆ ನಡೆದದ್ದು ಸಾಧನೆ. ಐಕ್ ಝಿಮರ್ಮನ್ ಎಂಬವನ ಬಳಿ ಅವನು ಪಾಠ ಕಲಿತ. ರಾತ್ರಿ ಯಾರಿಗೂ ತೊಂದರೆಯಾಗಬಾರದೆಂದು ಇಬ್ಬರೂ ಸ್ಮಶಾನದಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದರೆಂದು ಹೇಳುತ್ತಾರೆ. ಗುರುವಿಗೆ ಸಲ್ಲಬೇಕಾದ ಹೆಸರನ್ನು ಸೈತಾನ ಹೊತ್ತುಕೊಂಡು ಹೋದ.

ಅದೇ 1938ರ ಡಿಸೆಂಬರ್ 23ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಕಪ್ಪು ಜನರ ಸಂಗೀತದ ದೊಡ್ಡ ಕಛೇರಿಯೊಂದನ್ನು ಸಂಗೀತ ನಿರ್ಮಾಪಕ ಜಾನ್ ಹ್ಯಾಮಂಡ್ ಏರ್ಪಡಿಸಿದ. ಜಾನ್ಸನ್‌ನನ್ನು ಕರೆತರಲು ಹುಡುಕಿಸಿದಾಗ ಸಾವಿನ ಸುದ್ದಿ ತಿಳಿಯಿತು. ಅವನ ಬದಲಿಗೆ ಬಿಗ್ ಬಿಲ್ ಬ್ರೂನ್ಜಿ ಹಾಡಿದ; ಹ್ಯಾಮಂಡ್ ವೇದಿಕೆಯ ಮೇಲೆ ಜಾನ್ಸನ್‌ನ ಎರಡು ಹಾಡುಗಳ ತಟ್ಟೆ ಹಾಕಿಸಿ ಸಭಿಕರಿಗೆ ಕೇಳಿಸಿದ. ಆಮೇಲೆ 1961ರಲ್ಲಿ ಕೊಲಂಬಿಯಾ ಕಂಪನಿ ಆ ಹಾಡುಗಳಲ್ಲಿ ಕೆಲವನ್ನು ಎಲ್‌ಪಿಯಾಗಿ ತಂದಿತು. ಇಂಗ್ಲೆಂಡಿನಲ್ಲಿ ಎರಿಕ್ ಕ್ಲಾಪ್ಟನ್, ಕೀತ್ ರಿಚರ್ಡ್ಸ್ ಅವರಂಥ ಹುಡುಗರು ಅದಕ್ಕೆ ಮರುಳಾದರು. 1990ರಲ್ಲಿ ಎಲ್ಲ ಹಾಡುಗಳೂ ಒಟ್ಟಾಗಿ ಬಂದಾಗ ಹತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು. ಹಣ ಈಗ ಬಂತು, ಯಾರಿಗೆ ಕೊಡುವುದು? ಮಿಸಿಸಿಪ್ಪಿಯಲ್ಲಿ ಜಲ್ಲಿ ಸಾಗಿಸುವ ಲಾರಿ ಓಡಿಸುತ್ತಿದ್ದ ಕ್ಲಾಡ್ ಜಾನ್ಸನ್ ತಾನು ಅವನ ಮಗನೆಂದು ನ್ಯಾಯಾಲಯಕ್ಕೆ ಹೋದರು. ಕೆಳ ನ್ಯಾಯಾಲಯ ಅದನ್ನು ಒಪ್ಪಿತು. 2000ದಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ತಂದೆ ಸತ್ತು 62 ವರ್ಷವಾಗಿತ್ತು.

ಎಲ್ವಿಸ್ ಸತ್ತಾಗ ವಯಸ್ಸು 42. ಮಾರನೆಯ ದಿನವೇ ಅವರ ಹೊಸ ಪ್ರವಾಸದ ಮೊದಲ ಕಛೇರಿ ನಿಗದಿಯಾಗಿತ್ತು. ಆ ಸಾವಿನ ಬಗ್ಗೆ ಬರೆದದ್ದು ಸಾಕಷ್ಟಿದೆ, ಅದನ್ನು ಇಲ್ಲಿ ಹಿಂಜುವುದು ಬೇಡ. ನನಗೆ ಮುಖ್ಯವಾದದ್ದು 1954ರ ಜುಲೈನಲ್ಲಿ ಮೆಂಫಿಸ್‌ನ ಸನ್ ಸ್ಟುಡಿಯೋದಲ್ಲಿ ಅವರು ಮುದ್ರಿಸಿದ ಹಾಡು, ಅವರ ಮೊದಲ ಡಿಸ್ಕಿನದು. ಅದು ಆರ್ಥರ್ ಕ್ರುಡಪ್ ಎಂಬ ಕಪ್ಪು ಬ್ಲೂಸ್ ಗಾಯಕನದು, ಅವನೂ ಮಿಸಿಸಿಪ್ಪಿಯವನೇ. ಕ್ರುಡಪ್‌ನ ಋಣವನ್ನು ಎಲ್ವಿಸ್ ಬಾಯಿಬಿಟ್ಟು ಹೇಳಿದ್ದುಂಟು. ಆದರೆ ಲೆಕ್ಕದ ಪುಸ್ತಕ ಇದ್ದದ್ದು ವ್ಯವಸ್ಥಾಪಕರ, ಪ್ರಕಾಶಕರ ಕೈಯಲ್ಲಿ. ನ್ಯಾಯವಾಗಿ ಬರಬೇಕಾದ ರಾಯಲ್ಟಿ ಕಾಣದೆಯೇ 1974ರಲ್ಲಿ ಕ್ರುಡಪ್ ತೀರಿಕೊಂಡ.

ಅರೀತಾ ಹುಟ್ಟಿದ್ದೂ ಮೆಂಫಿಸ್‌ನಲ್ಲೇ, 1942ರಲ್ಲಿ. ಬೆಳೆದದ್ದು ಡೆಟ್ರಾಯಿಟ್‌ನಲ್ಲಿ, ತಂದೆ ಪಾದ್ರಿಯಾಗಿದ್ದ ಚರ್ಚಿನ ಹಾಡುಗಳ ನಡುವೆ. 1960ರಲ್ಲಿ ಅವರನ್ನು ಕೊಲಂಬಿಯಾ ಕಂಪನಿಗೆ ಕರೆತಂದದ್ದು ಅದೇ ಜಾನ್ ಹ್ಯಾಮಂಡ್. ಅಲ್ಲಿ ಅವರ ಧ್ವನಿಗೆ ತಕ್ಕ ದಾರಿ ಸಿಗಲಿಲ್ಲ. ಅಟ್ಲಾಂಟಿಕ್ ಕಂಪನಿಗೆ ಹೋಗಿ, 1967ರಲ್ಲಿ ಪಿಯಾನೋ ಮುಂದೆ ತಾವೇ ಕೂತು ಹಾಡಿದಾಗ ಅರೀತಾ ಅರೀತಾ ಆದರು. ಆ ವರ್ಷದ ‘ರೆಸ್ಪೆಕ್ಟ್’ ಹಾಡು ಓಟಿಸ್ ರೆಡ್ಡಿಂಗ್ ಬರೆದದ್ದು, ಅವರೇ ಮೊದಲು ಹಾಡಿದ್ದು. ಗಂಡಸಿನ ಬಾಯಿಯ ಮಾತನ್ನು ಅರೀತಾ ಹೆಣ್ಣಿನ ಹಕ್ಕೊತ್ತಾಯ ಮಾಡಿಬಿಟ್ಟರು. ನಾಗರಿಕ ಹಕ್ಕುಗಳ ಹೋರಾಟಕ್ಕೂ ಅದು ದನಿಯಾಯಿತು. ಅಮೆರಿಕದ ರೇಡಿಯೋಗಳು ಅದನ್ನು ಎಷ್ಟು ಸಲ ಹಾಕಿದವೋ! ಒಂದು ಸಲಕ್ಕೂ ಅರೀತಾಗೆ ರೇಡಿಯೋದಿಂದ ಬಿಡಿಗಾಸು ಬರಲಿಲ್ಲ. ಅಲ್ಲಿನ ಕಾನೂನಿನಲ್ಲಿ ಎಎಂ, ಎಫ್‌ಎಂ ರೇಡಿಯೋ ಹಣ ಕೊಡಬೇಕಾದ್ದು ಹಾಡು ಬರೆದವರಿಗೆ, ಪ್ರಕಾಶಕರಿಗೆ, ಹಾಡಿದವರಿಗಿಲ್ಲ.

ಅರೀತಾ ವೇದಿಕೆಗೆ ಬರುವ ದೃಶ್ಯವನ್ನು ನೀವು ನೋಡಿರಬಹುದು. ಕೈಯಲ್ಲೊಂದು ಬ್ಯಾಗು. ಅದನ್ನು ಪಿಯಾನೋ ಮೇಲೆ, ಕಣ್ಣಿಗೆ ಕಾಣುವಂತೆ ಇಟ್ಟೇ ಹಾಡಲು ಕೂರುತ್ತಿದ್ದರು. ಹಾಡುವ ಮುನ್ನ ಸಂಭಾವನೆಯನ್ನು ನಗದಾಗಿ ಕೇಳಿ ಪಡೆದು ಅದರಲ್ಲಿಟ್ಟುಕೊಳ್ಳುವುದು ಅವರ ಪದ್ಧತಿ. ಕೆಲವರು ಇದನ್ನು ಚಪಲ, ವಿಚಿತ್ರ ಎಂದು ಬರೆದರು. ತಮಗಿಂತ ಹಿಂದಿನ ಕಪ್ಪು ಗಾಯಕರು ಕಾಸು ಸಿಗದೆ ಬರಿಗೈಯಲ್ಲಿ ಮನೆಗೆ ಹೋದದ್ದನ್ನು ಬಲ್ಲ ಹೆಂಗಸು ಆಕೆ. ಆ ಬ್ಯಾಗನ್ನು ನಾನು ವಿವೇಕವೆಂದೇ ಓದುತ್ತೇನೆ.

ನುಸ್ರತರದು ಬೇರೆಯೇ ಜಗತ್ತು. ಕವ್ವಾಲಿಯ ಬೈಠಕ್‌ನಲ್ಲಿ ಹಾಡು ಏರುತ್ತಿದ್ದಂತೆ ಕೇಳುಗರು ಎದ್ದು ಬಂದು ಗಾಯಕರ ಮುಂದೆ ನೋಟುಗಳನ್ನು ಇಡುತ್ತಾರೆ, ಸುರಿಯುತ್ತಾರೆ. ಅದು ನಜರಾನ. ಕೇಳಿದವರು, ಹಾಡಿದವರು, ಹಣ ಮೂರೂ ಒಂದೇ ಹಾಸಿನ ಮೇಲೆ. ವಿದ್ಯೆಗೂ ವಾರಸುದಾರಿಕೆ ಇತ್ತು. ತಂದೆ ಫತೇ ಅಲಿ ಖಾನ್ 1964ರಲ್ಲಿ ತೀರಿಕೊಂಡಾಗ ನಲ್ವತ್ತನೇ ದಿನದ ಕಾರ್ಯದಲ್ಲಿ ಹದಿಹರೆಯದ ನುಸ್ರತ್ ಹಾಡಿದರು. ಮುಂದೆ ಅವರ ಮಗ್ಗುಲಲ್ಲಿ ಕೂತು ತಮ್ಮನ ಮಗ ರಾಹತ್ ಕಲಿತರು. ಹಾಡಿನ ನಡುವೆ ನುಸ್ರತರ ಸರಿಗಮ ಮಿಂಚುತ್ತ ಹಾಯುವಾಗ, ಧಾರವಾಡದ ಬೈಠಕ್‌ಗಳಲ್ಲಿ ಪಳಗಿದ ಕಿವಿಗೆ ಅದು ಸ್ವಂತ ಮನೆಯ ಮಾತಿನಂತೆಯೇ ಕೇಳುತ್ತದೆ.

ಆ ಹಾಸಿನ ಆಚೆ ಹೋದ ಹಾಡಿನ ಲೆಕ್ಕ ಮಾತ್ರ ಬೇರೆ. ತೊಂಬತ್ತರ ದಶಕದ ಹಿಂದಿ ಸಿನಿಮಾ ಅವರ ಧಾಟಿಗಳನ್ನು ಧಾರಾಳವಾಗಿ ಎತ್ತಿಕೊಂಡಿತು. 1994ರ ‘ಮೊಹ್ರಾ’ ಚಿತ್ರದ ಹಾಡೊಂದು ನಮ್ಮ ಊರುಗಳ ಮದುವೆ ಮೆರವಣಿಗೆಗಳಲ್ಲೂ ಮೊಳಗಿತು. ಅದರ ಬೇರು ನುಸ್ರತರ ಕವ್ವಾಲಿಯಲ್ಲಿದೆ ಎಂದು ಕುಣಿದವರಲ್ಲಿ ಬಹುಪಾಲು ಜನಕ್ಕೆ ಗೊತ್ತಿರಲಿಲ್ಲ. 1997ರಲ್ಲಿ, ಭಾರತ ಪಾಕಿಸ್ತಾನಗಳಿಗೆ ಸ್ವಾತಂತ್ರ್ಯ ಬಂದು 50 ವರ್ಷವಾದ ಆಗಸ್ಟಿನಲ್ಲೇ, ಎ.ಆರ್. ರೆಹಮಾನರ ‘ವಂದೇ ಮಾತರಂ’ ಆಲ್ಬಂನಲ್ಲಿ ಅವರು ಶಾಂತಿಗಾಗಿ ಹಾಡಿದ್ದು ಕೇಳಿಬಂತು. ಆಗ ಅವರಿಗೆ 48. ಅದೇ ತಿಂಗಳು ಹೋಗಿಬಿಟ್ಟರು.

ಭಾರತದಲ್ಲಿ 2012ರ ಕೃತಿಸ್ವಾಮ್ಯ ತಿದ್ದುಪಡಿ ಹಾಡಿದವರಿಗೂ ರಾಯಲ್ಟಿಯ ಹಕ್ಕು ಕೊಟ್ಟಿತು. ಅಮೆರಿಕ ಇನ್ನೂ ಮಾಡಲಾಗದ್ದು ನಮ್ಮಲ್ಲಿ ಕಾನೂನಿನ ಪುಸ್ತಕಕ್ಕಾದರೂ ಬಂದಿದೆ. ಆದರೆ ಕೊಡಬೇಕಾದರೆ ಮೊದಲು ಹೆಸರು ಗೊತ್ತಿರಬೇಕು. ಅರವತ್ತು, ಎಪ್ಪತ್ತರ ದಶಕದ ಕನ್ನಡ ಚಿತ್ರಗೀತೆಗಳ ತಟ್ಟೆಯ ಲೇಬಲ್ ನೋಡಿ: ಚಿತ್ರ, ಸಂಗೀತ ನಿರ್ದೇಶಕರು, ಕವಿ, ಗಾಯಕರು. ಮದರಾಸಿನ ಸ್ಟುಡಿಯೋಗಳಲ್ಲಿ ಆ ಹಾಡುಗಳಿಗೆ ಪಿಟೀಲು, ಕೊಳಲು, ತಬಲ ನುಡಿಸಿದವರ ಹೆಸರು ಅಲ್ಲಿರುವುದಿಲ್ಲ. ಅವರಲ್ಲಿ ಬದುಕಿರುವ ಹಿರಿಯರ ಮುಂದೆ ಕೂತು ಯಾವ ಹಾಡು, ಯಾವ ವಾದ್ಯ, ಯಾರ ಕೈ ಎಂದು ಕೇಳಿ ಬರೆದಿಟ್ಟುಕೊಳ್ಳುವ ಕೆಲಸಕ್ಕೆ ನಮ್ಮ ವಿಶ್ವವಿದ್ಯಾಲಯವೋ ಅಕಾಡೆಮಿಯೋ ಈ ವರ್ಷವೇ ಕೈಹಾಕಬೇಕು.