ಹತ್ತು ರೂಪಾಯಿಯ ಚಮಕಿ ಯಾರ ಕಣ್ಣಿಗೆ ಚುಚ್ಚಿತು?

ಹೋದ ವರ್ಷ ಕಬ್ಬಿನ ಹಂಗಾಮಿನಲ್ಲಿ ಬನಹಟ್ಟಿಯ ತಂಗಿಯ ಮನೆಗೆ ಹೋಗಿದ್ದೆ. ಒಂಬತ್ತನೆಯ ತರಗತಿಯ ಅವಳ ಮಗಳು ಮೂಲೆಯಲ್ಲಿ ಕೂತು ಕಂಪಾಸ್ ಪೆಟ್ಟಿಗೆಯ ಮುಚ್ಚಳವನ್ನು ಸೆರಗಿನಿಂದ ಉಜ್ಜುತ್ತಿದ್ದಳು. ಚಮಕಿ, ಟಿಕಳಿ, ಬಣ್ಣದ ಹರಳು ಅಂಟಿಸಿ ಅದರ ಮೇಲೊಂದು ನವಿಲು ಮಾಡಿದ್ದಳಂತೆ. ಶಾಲೆಯಲ್ಲಿ ಎಲ್ಲರ ಎದುರು ಅದನ್ನು ಅವಳ ಕೈಯಿಂದಲೇ ಸ್ಕೇಲಿನಲ್ಲಿ ಕೆರೆಸಿದ್ದರು. "ಓದಾಕ ಬಂದೀಯೋ, ನಖರಾ ಮಾಡಾಕ ಬಂದೀಯೋ?" ಎಂದು ಬೇರೆ ಕೇಳಿದ್ದರು. ಮುಚ್ಚಳದ ಮೇಲೆ ನವಿಲಿನ ಕಾಲು ಮಾತ್ರ ಉಳಿದಿತ್ತು.

"ಖಾಲಾ, ಗ್ಯಾದರಿಂಗಿನ ಸ್ಟೇಜಿಗೆ ಚಮಕಿ ಹಚ್ಚಾಕ ನನ್ನನ್ನ ಕರದಾರ. ಹೋಗ್ಲೋ ಬ್ಯಾಡೋ?" ಎಂದು ಕೇಳಿದಳು.

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅದೇ ಸಂಜೆ ಜಮಖಂಡಿಗೆ ಮರಳುವ ದಾರಿಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಸಾಲು ಎದುರಾಯಿತು. ಮೂಗಿಗೆ ರಿಬ್ಬನ್ನು, ಕನ್ನಡಿಗೆ ಗೊಂಡೆ, ಹಣೆಗೆ ಮಿಣಮಿಣ ದೀಪ, ಮೈತುಂಬ ರೇಡಿಯಂ ಅಕ್ಷರ. ಮೀಸೆ ಚಿಗುರುತ್ತಿರುವ ಹುಡುಗರು ರಾತ್ರಿಯೆಲ್ಲ ಕೂತು ಸಿಂಗರಿಸಿದವು ಇವು. ಹುಡುಗರ ಈ ಶೋಕಿಯನ್ನು ಯಾರೂ ಸ್ಕೇಲಿನಿಂದ ಕೆರೆಯುವುದಿಲ್ಲ. ಅಪ್ಪಂದಿರು ಕಟ್ಟೆಯ ಮೇಲೆ ಕೂತು ಹೆಮ್ಮೆಪಡುತ್ತಾರೆ. ಕತ್ತಲಲ್ಲಿ ಜೀವ ಉಳಿಸಬೇಕಾದ ಕೆಂಪು ರಿಫ್ಲೆಕ್ಟರು ಹಿಂದಿನ ಟ್ರೇಲರಿಗೆ ಇರುವುದಿಲ್ಲ, ಅದನ್ನೂ ಯಾರೂ ಕೇಳುವುದಿಲ್ಲ. ಹುಡುಗ ಹಚ್ಚಿದರೆ ಅಭಿಮಾನ, ಹುಡುಗಿ ಹಚ್ಚಿದರೆ ನಖರಾ. ಇದು ಯಾವ ನ್ಯಾಯ?

ಓದುವ ಮಕ್ಕಳ ಬುದ್ಧಿಯನ್ನು ಥಳಕು ಕೆಡಿಸುತ್ತದೆ ಎನ್ನುವವರಿದ್ದಾರೆ. 'ಗದಾಯುದ್ಧ' ಬರೆದ ರನ್ನ ನಮ್ಮ ಮುಧೋಳದವನು. ಹತ್ತನೆಯ ಶತಮಾನದ ಆ ಕವಿಚಕ್ರವರ್ತಿ ಬಳೆಗಾರರ ಮನೆಯ ಮಗ. ಫಳಫಳ ಹೊಳೆಯುವ ಬಳೆಗಳ ನಡುವೆ ಬೆಳೆದವನ ಬುದ್ಧಿ ಮೊಂಡಾಗಲಿಲ್ಲ. ನಾನು ನಾಲ್ಕನೆಯ ಇಯತ್ತೆವರೆಗೆ ಉರ್ದು ಶಾಲೆಯಲ್ಲಿ, ಮುಂದೆ ಕನ್ನಡ ಶಾಲೆಯಲ್ಲಿ ಓದಿದವಳು. ಮೊಹರಮ್ಮಿನ ತಾಬೂತು ಕಟ್ಟಿ ಉಳಿದ ಬೇಗಡೆ ಹಾಳೆಯನ್ನು ಪಾಟಿಯ ಚೌಕಟ್ಟಿಗೆ ಅಂಟಿಸಿಕೊಂಡು ಹೋಗುತ್ತಿದ್ದೆ. ಆ ತಾಬೂತು ಕಟ್ಟುವವರಲ್ಲಿ ಹಿಂದೂಗಳೂ ಇರುತ್ತಿದ್ದರು, ಮುಸಲ್ಮಾನರೂ ಇರುತ್ತಿದ್ದರು. ಪಾಟಿ ನೋಡಿ ನನ್ನ ಉಸ್ತಾದರು ನಕ್ಕರೇ ಹೊರತು ಕೆರೆಸಲಿಲ್ಲ. ಮದುವೆಯ ಬಾಸಿಂಗ, ಕಾರಹುಣ್ಣಿಮೆಯ ಎತ್ತಿನ ಕೋಡು, ಬೀಳಗಿ ಸಂತೆಗೆ ಬರುವ ಲಂಬಾಣಿ ಅಜ್ಜಿಯರ ಕನ್ನಡಿ ಹೊಲಿದ ರವಿಕೆ ಎಲ್ಲವೂ ಹೊಳೆಯಬೇಕು. ಉಡುವ ಸೀರೆಯ ಮೇಲೆ ಗೋಪುರ, ತೇರು, ತುಳಸಿಕಟ್ಟೆ ಹೊಲಿದು ಕಸೂತಿ ಹುಟ್ಟಿಸಿದವರೂ ಮನೆಯ ಹೆಣ್ಣುಮಕ್ಕಳೇ. ಇಂದು ಅದನ್ನು ನಮ್ಮ ಪರಂಪರೆ ಎಂದು ಭಾಷಣ ಮಾಡುತ್ತೇವೆ. ಇಂದಿನ ಹುಡುಗಿಗೆ ಸೀರೆಯ ಬದಲು ಕಂಪಾಸ್ ಪೆಟ್ಟಿಗೆ, ನೀರಿನ ಬಾಟಲಿ, ಅಣ್ಣ ಬಳಸಿ ಬಿಟ್ಟ ಮೊಬೈಲಿನ ಕವರು ಸಿಕ್ಕಿದೆ, ಅಷ್ಟೇ.

ನಮ್ಮ ಮೊಹಲ್ಲಾದ ಹಿರಿಯರು ಇದನ್ನು ಇಸ್ರಾಫ್, ದುಂದುವೆಚ್ಚ ಎನ್ನುತ್ತಾರೆ. ಆ ಹುಡುಗಿ ಹತ್ತು ರೂಪಾಯಿಯ ಚಮಕಿ ಪುಡಿಕೆಯನ್ನು ಯಾರ ಕಿಸೆಯಿಂದಲೂ ಕದ್ದಿಲ್ಲ. ಶಾಲೆ ಬಿಟ್ಟ ಮೇಲೆ ಕಂಡಿಕಿ ಸುತ್ತಿ ಗಳಿಸಿದ್ದು ಅದು. ಹುಡುಗಿಯ ಪುಡಿಕೆ ಕಂಡು ನಸೀಹತ್ ಹೇಳುವ ನಾಲಿಗೆ, ಮದುವೆ ಹಾಲಿನ ಲೈಟಿಂಗಿಗೆ ಸಾಲ ತೆಗೆಯುವಾಗ, ಜಹೇಜಿನ ಅಲ್ಮೇರಾ ಗಾಡಿಗೇರಿಸಿ ಓಣಿತುಂಬ ಮೆರೆಸುವಾಗ ಎಲ್ಲಿ ಅಡಗಿರುತ್ತದೆ?

ಇನ್ನೊಂದು ಸಂಗತಿಯನ್ನು ನೇಕಾರರ ಓಣಿಯಲ್ಲೇ ನಿಂತು ಹೇಳಬೇಕು. ಅಗ್ಗದ ಸೀರೆಗಳಲ್ಲಿ ನಾವು ಜರಿ ಎನ್ನುವ ಎಳೆಯಲ್ಲಿ ಈಗ ಬಂಗಾರವೂ ಇಲ್ಲ, ಬೆಳ್ಳಿಯೂ ಇಲ್ಲ. ತೆಳು ಪಾಲಿಯೆಸ್ಟರ್ ಹಾಳೆಗೆ ಅಲ್ಯುಮಿನಿಯಂ ಪದರ ಕೊಟ್ಟು, ಬಣ್ಣ ಬಳಿದು, ಎಳೆಎಳೆಯಾಗಿ ಸೀಳಿದರೆ ಜರಿಯಾಗುತ್ತದೆ. ಅಂಥದೇ ಹಾಳೆಯನ್ನು ಪುಡಿಪುಡಿಯಾಗಿ ಕತ್ತರಿಸಿದರೆ ಚಮಕಿಯಾಗುತ್ತದೆ. ಸೀರೆಯ ಅಂಚಿಗೆ ಕೂತರೆ ಅದಕ್ಕೆ ರೇಟು ಇದೆ, ಗೌರವ ಇದೆ. ಕಂಡಿಕಿ ಸುತ್ತಿ ಆ ಸೀರೆಗೆ ದುಡಿದ ಹುಡುಗಿಯ ಪೆಟ್ಟಿಗೆಗೆ ಕೂತರೆ ಅಪರಾಧ! ಊರವರ ಮೈಮೇಲಿನ ಮಿಂಚಿಗೆ ಅವಳ ಕೈ ಬೇಕು. ಆ ಮಿಂಚಿನ ಒಂದು ಚೂರು ಅವಳದಾಗಬಾರದೆ?

ಒಂದು ಆಕ್ಷೇಪವನ್ನು ಮಾತ್ರ ನಾನು ಒಪ್ಪುತ್ತೇನೆ. ಪ್ಲಾಸ್ಟಿಕ್ ಚಮಕಿ ಕರಗುವುದಿಲ್ಲ. ಗುಡಿಸಿ ಚೆಲ್ಲಿದ್ದು ಚರಂಡಿ ಹಿಡಿದು ಘಟಪ್ರಭೆಗೂ ಕೃಷ್ಣೆಗೂ ಸೇರುತ್ತದೆ. ಯುರೋಪಿಯನ್ ಒಕ್ಕೂಟ 2023ರ ಅಕ್ಟೋಬರಿನಿಂದ ಇಂಥ ಬಿಡಿ ಪ್ಲಾಸ್ಟಿಕ್ ಚಮಕಿಯ ಮಾರಾಟವನ್ನು ನಿಷೇಧಿಸಿದೆ. ಇದನ್ನು ಮಕ್ಕಳಿಗೆ ತಿಳಿಸಿ ಹೇಳೋಣ. ಕನ್ನಡಿ ಚೂರು, ಬಣ್ಣದ ದಾರ, ಹಳೆಯ ಸೀರೆಯ ಅಂಚು, ಒಡೆದ ಬಳೆ ಕೊಟ್ಟು ಇದರಿಂದ ಮಾಡು ಎನ್ನೋಣ. ಆದರೆ ಇದನ್ನು ಹೇಳುವ ಹಕ್ಕು ಮೆರವಣಿಗೆಯಲ್ಲಿ ಬುಟ್ಟಿಗಟ್ಟಲೆ ಮಿಂಚು ಹಾಳೆ ಹಾರಿಸುವ ದೊಡ್ಡವರಿಗೆ ಇಲ್ಲ. ಸ್ಕೇಲು ಹಿಡಿದವರಿಗಂತೂ ಇಲ್ಲವೇ ಇಲ್ಲ. ಅವರು ಕೆರೆಸಿದ್ದು ಪ್ಲಾಸ್ಟಿಕ್ ಎಂದಲ್ಲ, ಹುಡುಗಿಯದು ಎಂದು.

ಹದಿನಾಲ್ಕರ ಹುಡುಗಿಗೆ ನಮ್ಮ ಕಡೆ ಸ್ವಂತದ್ದು ಎನ್ನಲು ಏನಿದೆ? ಪಾಠದ ಪುಸ್ತಕ ಸರಕಾರದ್ದು, ಫೋನು ಅಣ್ಣನದು. ಓದು ನಿಲ್ಲಿಸುವುದೂ ಮದುವೆ ಗೊತ್ತು ಮಾಡುವುದೂ ಹಿರಿಯರ ಕೈಯಲ್ಲಿ. ಗೋಂದು ಹಚ್ಚಿ ಒಂದೊಂದೇ ಹರಳು ಕೂಡಿಸುವಾಗ ಅವಳು ಇದು ನನ್ನದು ಎಂದು ಮೊದಲ ಸಲ ಹೇಳುತ್ತಿರುತ್ತಾಳೆ. ಅದನ್ನು ಅವಳ ಕೈಯಿಂದಲೇ ಕೆರೆಸಿದರೆ, ನಿನ್ನದು ಎನ್ನುವುದು ಏನೂ ಇಲ್ಲ ಎಂಬ ಪಾಠ ಕಲಿಸಿದಂತೆ. ನಮ್ಮ ಹೆಣ್ಣುಮಕ್ಕಳಿಗೆ ಈ ಪಾಠ ಮನೆಯಲ್ಲೇ ಸಾಕಷ್ಟು ಸಿಗುತ್ತದೆ, ಶಾಲೆಯೂ ಹೇಳಿಕೊಡಬೇಕಿಲ್ಲ.

ಮರುದಿನ ತಂಗಿಯ ಮಗಳಿಗೆ ಫೋನು ಮಾಡಿದೆ. "ಹೋಗಬ್ಯಾಡ ಬೇಟಾ. ಮೊದಲು ಪೆಟ್ಟಿಗಿ ಮ್ಯಾಲ ನವಿಲು ಮಾಡ್ಕೊ. ಅದನ್ನ ಅವರು ಬೆಂಚಿನ ಮ್ಯಾಲ ಇಡಾಕ ಬಿಟ್ಟ ದಿನ ಸ್ಟೇಜಿಗೆ ಚಮಕಿ ಹಚ್ಚಾಕ ಹೋಗು" ಎಂದೆ. ಮೇಷ್ಟ್ರುಗಳಿಗೆ ನನ್ನ ಮೇಲೆ ಸಿಟ್ಟು ಬಂದರೆ ಬರಲಿ.