ಆರೈಕೆಯ ಕೆಲಸವನ್ನು ದುಡಿಮೆಯೆಂದೇ ಪರಿಗಣಿಸಬೇಕೆಂದು ಕೋರಿ ಮನವಿ ಪತ್ರ

ಗೆ,
ಮಾನ್ಯ ಅಧ್ಯಕ್ಷರು,
ಕರ್ನಾಟಕ ರಾಜ್ಯ ಮಹಿಳಾ ಆಯೋಗ, ಬೆಂಗಳೂರು
(ಸೊರಬ ತಹಶೀಲ್ದಾರರ ಮೂಲಕ)

ಇಂದ,
ಜಡೆ ಹೋಬಳಿಯ ರೈತ ಮತ್ತು ಕೂಲಿಕಾರ ಮಹಿಳೆಯರು,
ಸೊರಬ ತಾಲ್ಲೂಕು, ಶಿವಮೊಗ್ಗ ಜಿಲ್ಲೆ

ವಿಷಯ: ಮನೆಯೊಳಗಿನ ಆರೈಕೆಯ ಕೆಲಸದ ಗಣನೆ ಹಾಗೂ ಆಶಾ, ಅಂಗನವಾಡಿ ಸಿಬ್ಬಂದಿಗೆ ಕಾರ್ಮಿಕ ಸ್ಥಾನಮಾನ ಕುರಿತು.

ಮಾನ್ಯರೇ,

ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಲೆನಾಡಿನಲ್ಲಿ ಈ ಜ್ವರ ಏಳುವುದೂ ಅಡಿಕೆ ಸುಗ್ಗಿ ನಡೆಯುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಜ್ವರ ಹಿಡಿದವರು ವಾರಗಟ್ಟಲೆ ಹಾಸಿಗೆ ಬಿಟ್ಟು ಏಳಲಾರರು. ಹಣೆಗೆ ಒದ್ದೆಬಟ್ಟೆ ಹಾಕಿ, ಗಂಜಿ ಕುಡಿಸಿ, ಹೊದಿಕೆ ಒಗೆದು, ನಡುರಾತ್ರಿ ಎದ್ದು ಮೈ ಮುಟ್ಟಿ ನೋಡುವವಳು ಮನೆಯ ಹೆಂಗಸು. ಅದೇ ರಾತ್ರಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವವಳೂ ಅವಳೇ. ಸುಲಿದ ಅಡಿಕೆಗೆ ಅಳತೆಯಿದೆ, ಅಳತೆಗೆ ತಕ್ಕ ಕೂಲಿಯಿದೆ. ರೋಗಿಯ ಪಕ್ಕ ಕಳೆದ ಹೊತ್ತು ಮಾತ್ರ ಸರ್ಕಾರದ ಯಾವ ದಫ್ತರಕ್ಕೂ ಸೇರುವುದಿಲ್ಲ.

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ ಅದರಲ್ಲಿ ಕಳೆಯುತ್ತಾರೆ. ಆ ಕೆಲಸಕ್ಕೆ ಕೈ ಹಾಕುವ ಗಂಡಸರು 88 ನಿಮಿಷ. ಮಕ್ಕಳು, ಮುದುಕರು, ರೋಗಿಗಳ ಆರೈಕೆಯ ಹೊತ್ತು ಇದರಲ್ಲಿ ಸೇರಿಲ್ಲ. ಇಷ್ಟಾದರೂ ಮನೆವಾರ್ತೆ ಮಾಡುವವರು ಜನಗಣತಿಯಲ್ಲಿ ದುಡಿಯದವರು. 2001ರ ಗಣತಿ ಅವರನ್ನು ಭಿಕ್ಷುಕರು, ಕೈದಿಗಳ ಸಾಲಿಗೆ ಸೇರಿಸಿದ್ದನ್ನು 2010ರಲ್ಲಿ ಸುಪ್ರೀಂ ಕೋರ್ಟ್ ಕಟುವಾಗಿ ಟೀಕಿಸಿತ್ತು. ಅಪಘಾತದಲ್ಲಿ ಗೃಹಿಣಿ ತೀರಿಕೊಂಡರೆ ಅವಳ ದುಡಿಮೆಗೆ ಆದಾಯ ಕಟ್ಟಿ ಪರಿಹಾರ ನೀಡಬೇಕೆಂದು 2021ರ ಜನವರಿಯಲ್ಲಿ ಅದೇ ನ್ಯಾಯಾಲಯ ಮತ್ತೆ ಎತ್ತಿಹಿಡಿಯಿತು. ಸತ್ತ ಮೇಲೆ ಸಿಗುವ ಬೆಲೆ ಬದುಕಿದ್ದಾಗ ಏಕಿಲ್ಲ ಎಂಬುದೇ ನಮ್ಮ ಪ್ರಶ್ನೆ.

ಇದನ್ನು ಕೇಳುತ್ತಿರುವವರು ನಾವಷ್ಟೇ ಅಲ್ಲ. ಮನೆಗೆಲಸಕ್ಕೆ ಸಂಬಳ ಬೇಕೆಂದು ಸೆಲ್ಮಾ ಜೇಮ್ಸ್ ಮತ್ತು ಇಟಲಿಯ ಸಂಗಾತಿಗಳು 1972ರಲ್ಲಿ ಶುರುಮಾಡಿದ ಚಳವಳಿ ಹಲವು ದೇಶಗಳಿಗೆ ಹಬ್ಬಿತು. 1975ರ ಅಕ್ಟೋಬರ್ 24ರಂದು ಐಸ್‌ಲ್ಯಾಂಡಿನ ನೂರಕ್ಕೆ ತೊಂಬತ್ತರಷ್ಟು ಹೆಂಗಸರು ಕಚೇರಿ, ಕಾರ್ಖಾನೆ, ಅಡುಗೆಮನೆ ಎಲ್ಲವನ್ನೂ ಬಿಟ್ಟು ಬೀದಿಗಿಳಿದರು. ಮರುವರ್ಷ ಅಲ್ಲಿನ ಸಂಸತ್ತು ಸಮಾನತೆಯ ಕಾಯ್ದೆ ತಂದಿತು. ಸಂಬಳವಿಲ್ಲದ ದುಡಿಮೆಯನ್ನು ಅಳೆದು ಲೆಕ್ಕಕ್ಕೆ ತರಬೇಕೆಂದು 1995ರ ಬೀಜಿಂಗ್ ಮಹಿಳಾ ಸಮ್ಮೇಳನದಲ್ಲಿ ಒಪ್ಪಿದ ದೇಶಗಳಲ್ಲಿ ನಮ್ಮದೂ ಒಂದು. ಆ ಮಾತನ್ನು ನಡೆಸಿಕೊಡಿ ಎಂದಷ್ಟೇ ನಾವು ಕೇಳುತ್ತಿದ್ದೇವೆ.

2027ರ ಜನಗಣತಿಯಲ್ಲಿ ಆರೈಕೆಯ ಕೆಲಸವನ್ನು ದುಡಿಮೆಯೆಂದೇ ದಾಖಲಿಸುವಂತೆ ಆಯೋಗವು ಕೇಂದ್ರಕ್ಕೆ ಶಿಫಾರಸು ಮಾಡಬೇಕು. ರಾಜ್ಯದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯವು ಈ ದುಡಿಮೆಯ ಮೌಲ್ಯವನ್ನು ಪ್ರತಿವರ್ಷ ಪ್ರತ್ಯೇಕವಾಗಿ ಪ್ರಕಟಿಸಬೇಕು.

ಆಶಾ ಕಾರ್ಯಕರ್ತೆಯರ ವಿಚಾರದಲ್ಲಿ ನಮಗೆ ಸಂಕಟವಿದೆ. ಮಂಗನ ಕಾಯಿಲೆ ಹರಡುವ ಉಣ್ಣೆ ಕಚ್ಚದಂತೆ ಹಚ್ಚಿಕೊಳ್ಳುವ ಎಣ್ಣೆಯನ್ನು ಮನೆಮನೆಗೆ ತಲುಪಿಸಿ, ಜ್ವರ ಬಂದವರ ಸುದ್ದಿಯನ್ನು ಆರೋಗ್ಯ ಕೇಂದ್ರಕ್ಕೆ ಮುಟ್ಟಿಸುವವರು ಅವರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಡೀ ದೇಶದ ಆಶಾ ಕಾರ್ಯಕರ್ತೆಯರನ್ನು ಗೌರವಿಸಿತು. ಇಲ್ಲಿ ಅವರಿಗೆ ಸಿಗುವುದು ಗೌರವಧನ ಮತ್ತು ಪ್ರೋತ್ಸಾಹಧನವೇ ಹೊರತು ವೇತನವಲ್ಲ. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲಿರುಳು ಧರಣಿ ಕುಳಿತ ಮೇಲೆ ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ದೊರೆಯಿತು. ಭರವಸೆ ಸಾಲದು. ಆಶಾ, ಅಂಗನವಾಡಿ, ಬಿಸಿಯೂಟದವರನ್ನು ಕಾರ್ಮಿಕರೆಂದು ಪರಿಗಣಿಸಿ, ಕನಿಷ್ಠ ವೇತನ ಮತ್ತು ಸಾಮಾಜಿಕ ಭದ್ರತೆ ಕೊಡಬೇಕೆಂದು 2013ರಲ್ಲೇ 45ನೇ ಭಾರತೀಯ ಕಾರ್ಮಿಕ ಸಮ್ಮೇಳನ ಶಿಫಾರಸು ಮಾಡಿದೆ. ಅದು ಜಾರಿಯಾಗಬೇಕು.

ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ನಮ್ಮ ಮನೆಗಳಿಗೆ ನಿಜವಾಗಿಯೂ ಆಸರೆಯಾಗಿದೆ. ಅದಕ್ಕೆ ಸರ್ಕಾರಕ್ಕೆ ಕೃತಜ್ಞರು. ಆದರೆ ಅದು ಮನೆಯ ಯಜಮಾನಿಗೆ ಸಲ್ಲುವ ಹಣ. ಹಾಸಿಗೆ ಹಿಡಿದ ಅತ್ತೆಯ ಹೆಸರಿನಲ್ಲಿ ಹಣ ಬರುವ ಮನೆಯಲ್ಲಿ, ಅತ್ತೆಯನ್ನು ಎತ್ತಿ ಕೂರಿಸಿ ಸ್ನಾನ ಮಾಡಿಸುವ ಸೊಸೆಗೆ ಏನೂ ಇಲ್ಲ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಅವರದೇ ಹೆಸರಿನಲ್ಲಿ ಪ್ರತ್ಯೇಕ ಭತ್ಯೆ ನೀಡಬೇಕು.

ನಾಟಿ, ಶುಂಠಿ, ಜೋಳದ ಕೆಲಸದ ದಿನಗಳಲ್ಲಿ ಗ್ರಾಮ ಪಂಚಾಯಿತಿಯ ಶಿಶುಪಾಲನಾ ಕೇಂದ್ರವಾದ ‘ಕೂಸಿನ ಮನೆ’ ಬೆಳಗಿನ ಎಂಟಕ್ಕೇ ತೆರೆದು, ನಾವು ಗದ್ದೆಯಿಂದ ಮರಳುವವರೆಗೂ ನಡೆಯಬೇಕು. ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗದ ತಾಯಂದಿರ ಮಕ್ಕಳಿಗೂ ಅಲ್ಲಿ ಜಾಗವಿರಬೇಕು.

ಆಯೋಗದ ಸದಸ್ಯರು ಜಡೆಗೆ ಬಂದು ನಮ್ಮ ಅಹವಾಲು ಕೇಳಬೇಕೆಂದೂ, ಪ್ರತಿ ಬೇಡಿಕೆಯ ಮೇಲೆ ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದೂ ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಜಡೆ ಹೋಬಳಿಯ ಮಹಿಳೆಯರು