ಗ್ರೈಂಡರ್ ಸಾಕು ಎನ್ನುವವರಿಗೆ ಉತ್ತರ

ಮನೆಯಲ್ಲೇ ಕಾರಿಗೆ ಪಾಲಿಶ್ ಹೊಡೆಯುವವರು ಡ್ಯುಯಲ್ ಆ್ಯಕ್ಷನ್ ಮೆಷಿನ್, ಅಂದರೆ ಡಿಎ, ಕೊಳ್ಳಬೇಕು ಎಂಬುದು ನನ್ನ ವಾದ. ಅದಕ್ಕೆ ವಿಟ್ಲದ ಆಸುಪಾಸಿನಲ್ಲಿ ಕೇಳಿಬರುವ ಆಕ್ಷೇಪಗಳು ನಾಲ್ಕು. ಒಂದೊಂದಕ್ಕೇ ಉತ್ತರಿಸುತ್ತೇನೆ.

1. “ಮನೆಯಲ್ಲಿ ಗ್ರೈಂಡರ್ ಇದೆಯಲ್ಲ, ಪ್ಯಾಡ್ ಸಿಕ್ಕಿಸಿದರೆ ಆಯಿತು.”

ಆಗುವುದಿಲ್ಲ. ಕಬ್ಬಿಣ ಉಜ್ಜುವ ನಾಲ್ಕು ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಪಾಲಿಶ್‌ಗೆಂದೇ ಮಾಡಿದ ರೋಟರಿಯ ಗರಿಷ್ಠ ವೇಗವೂ 3,000ದ ಆಸುಪಾಸು. ಬಣ್ಣವನ್ನು ಕಾಯುವ ಕ್ಲಿಯರ್ ಕೋಟ್ ಸಾಮಾನ್ಯವಾಗಿ 40–50 ಮೈಕ್ರಾನ್, ತಲೆಕೂದಲಿಗಿಂತ ತೆಳು. ಗ್ರೈಂಡರಿನ ಬಿಸಿಗೆ ಬಾನೆಟ್ಟಿನ ಅಂಚಿನಲ್ಲಿ ಅದು ನೋಡುನೋಡುತ್ತಲೇ ಸುಟ್ಟುಹೋಗುತ್ತದೆ. ಆಮೇಲೆ ಪೇಂಟ್ ಹೊಡೆಸದೆ ಗತಿಯಿಲ್ಲ.

2. “ಡಿಎಗೆ ಬಲವಿಲ್ಲ, ಒತ್ತಿದರೆ ನಿಂತುಬಿಡುತ್ತದೆ.”

ನಿಲ್ಲುವುದು ನಿಜ, ಹೊಸಬರನ್ನು ಕಾಪಾಡುವುದೂ ಅದೇ. ಗೇರ್ ಇಲ್ಲದ ಸಾಮಾನ್ಯ ಡಿಎಯ ಪ್ಯಾಡ್ ತಿರುಗುತ್ತಲೇ ಓಲಾಡುವುದರಿಂದ ಬಿಸಿ ಒಂದೇ ಕಡೆ ಸೇರುವುದಿಲ್ಲ. ಬ್ಯಾಕಿಂಗ್ ಪ್ಲೇಟಿನ ಅಂಚಿಗೆ ಮಾರ್ಕರಿನಿಂದ ಒಂದು ಗೆರೆ ಎಳೆದಿಡಿ. ಗೆರೆ ಸುತ್ತುತ್ತಿದ್ದರೆ ಒತ್ತಡ ಸರಿ, ನಿಂತರೆ ಕೈ ಹಗುರ ಮಾಡಿ. ರೋಟರಿ ಹೀಗೆ ಎಚ್ಚರಿಸುವುದಿಲ್ಲ. ಕೈ ಪಳಗದವರು ಹಿಡಿದರೆ ಅದರ ಸುರುಳಿ ಗೀರುಗಳು ಕಾರು ಬಿಸಿಲಿಗೆ ಬಂದ ಮೇಲೆ ಎದ್ದು ಕಾಣುತ್ತವೆ.

3. “ನಮ್ಮಲ್ಲಿ ಕೆಂಪು ಮಣ್ಣು, ಬೋರ್ಡೋ ಕಲೆ, ಜೋರಿನ ಮೆಷಿನ್ನೇ ಬೇಕು.”

ಅಡಿಕೆ ತೋಟದ ನಡುವಿನ ಮನೆಗಳಲ್ಲಿ ಈ ತೊಂದರೆ ಇದ್ದದ್ದೇ. ಆದರೆ ಅದು ತೊಳೆಯುವ ಕೆಲಸ, ಉಜ್ಜುವ ಕೆಲಸವಲ್ಲ. ಕೊಳೆರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಇರುತ್ತದೆ. ಸಿಡಿದ ದಿನವೇ ನೀರು ಹಾಯಿಸಿ. ಒಣಗಿದ್ದರೆ ನೀರು ಬೆರೆಸಿದ ವಿನೆಗರಿನಲ್ಲಿ ಮೆಲ್ಲಗೆ ಒರೆಸಿ ಕೂಡಲೇ ತೊಳೆಯಿರಿ. ಮಣ್ಣು ಉಳಿದ ಬಾಡಿಯ ಮೇಲೆ ಎಷ್ಟೇ ಬೆಲೆಯ ಮೆಷಿನ್ ಇಟ್ಟರೂ ಹೊಸ ಗೀರು ಖಂಡಿತ.

4. “ಕೊಳ್ಳುವುದಾದರೆ 21 ಎಂಎಂ ಥ್ರೋದ್ದೇ ಕೊಳ್ಳಿ, ಬೇಗ ಮುಗಿಯುತ್ತದೆ.”

ಅಗಲವಾದ ಬಾನೆಟ್, ರೂಫ್‌ಗಳಲ್ಲಿ ಹೌದು. ಆದರೆ ಥ್ರೋ ಎಂದರೆ ಪ್ಯಾಡ್ ಓಲಾಡುವ ಅಗಲ; ಬಂಪರಿನ ತಿರುವಿನಲ್ಲಿ, ಡೋರ್ ಹ್ಯಾಂಡಲಿನ ಸುತ್ತ ದೊಡ್ಡ ಥ್ರೋದ ಪ್ಯಾಡ್ ತಿರುಗದೆ ಒದ್ದಾಡುತ್ತದೆ. ನಮ್ಮ ಸಣ್ಣ ಕಾರುಗಳಲ್ಲಿ ಇಂಥ ಜಾಗಗಳೇ ಹೆಚ್ಚು.

ಹಾಗಾಗಿ ಮನೆಬಳಕೆಗೆ 8ರಿಂದ 15 ಎಂಎಂ ಥ್ರೋ, ಐದು ಇಂಚಿನ ಪ್ಲೇಟ್, ವೇಗ ಏರಿಳಿಸುವ ಡಯಲ್ ಇರುವ ಡಿಎಯೇ ಸರಿ. ಉಗುರಿಗೆ ಸಿಕ್ಕುವಷ್ಟು ಆಳದ ಗೀರಿದ್ದರೆ ಪೇಂಟರ್ ಬಳಿ ಹೋಗಿ. ಮಿಕ್ಕದ್ದಕ್ಕೆ ಮೊದಲು ಮೃದು ಫೋಮ್ ಪ್ಯಾಡಿನಲ್ಲಿ, ಎರಡಡಿ ಜಾಗದಲ್ಲಿ ಮಾತ್ರ ಪರೀಕ್ಷಿಸಿ. ಗ್ರೈಂಡರನ್ನು ಕಬ್ಬಿಣದ ಕೆಲಸಕ್ಕೇ ಬಿಡಿ.